ಕತ್ತಾಳೆ ನಾರಿನ ಹಲಗೆ

"ಅಯ್ಯೋ, ಕತ್ತರಿಸ್ಬ್ಯಾಡ ಕಣೇ!" ನರಸಮ್ಮ ಸೊಸೆಯ ಕೈ ಹಿಡಿದುಕೊಂಡಳು. "ಅಷ್ಟುದ್ದದ ನಾರು. ಹೆಂಗೆ ಮನಸ್ಸು ಬತ್ತದೆ ನಿಂಗೆ?"

ಲೋಹಿತಾ ಕತ್ತರಿ ಕೆಳಗಿಟ್ಟಳು. ಮಧುಗಿರಿಯ ಆ ಷೆಡ್ಡಿನಲ್ಲಿ ಅವಳೂ ಗೆಳತಿ ಸ್ಪಂದನಾಳೂ ಸೇರಿ ಒಡೆದ ಕೊಡ, ಬಕೆಟ್ಟುಗಳನ್ನು ಕರಗಿಸಿ ಶಾಲೆಯ ಬೆಂಚುಗಳಿಗೆ ಹಲಗೆ ಮಾಡುತ್ತಿದ್ದರು. ಬರೀ ಪ್ಲಾಸ್ಟಿಕ್ಕಿನ ಹಲಗೆ ಬಿಸಿಲಿಗೆ ಬಾಗುತ್ತಿತ್ತು, ಭಾರಕ್ಕೆ ಬಿರಿಯುತ್ತಿತ್ತು. ಮಾಡಿ ಕೊಟ್ಟದ್ದೆಲ್ಲ ವಾಪಸು ಬಂದಿತ್ತು. ಒಳಗೆ ನಾರು ಬೆರೆಸಿದರೆ ಗಟ್ಟಿಯಾದೀತೆಂದು ಅವಳು ಅತ್ತೆಯನ್ನು ಕೇಳಿದ್ದಳು.

ಕೇಳಿದ ದಿನ ನರಸಮ್ಮ ಉರಿದುಬಿದ್ದಿದ್ದಳು. ಹೊಳವನಹಳ್ಳಿಯ ಸಂತೆಯಲ್ಲಿ ಅವಳು ಹೊಸೆದ ಕತ್ತಾಳೆ ಹಗ್ಗವೆಂದರೆ ರೈತರು ಕಣ್ಣುಮುಚ್ಚಿ ಕೊಳ್ಳುತ್ತಿದ್ದ ಕಾಲವೊಂದಿತ್ತು. ಪ್ಲಾಸ್ಟಿಕ್ ಹಗ್ಗ ಬಂದ ಮೇಲೆ ಅವಳ ಕಡೆ ತಿರುಗಿ ನೋಡಿದವರಿಲ್ಲ. "ನನ್ನ ಅನ್ನ ಕಿತ್ಕಂಡಿದ್ದಕ್ಕೆ ನಾನೇ ನಾರು ಕೊಡ್ಲಾ?" ಎಂದು ಸೊಸೆಯ ಜೊತೆ ಮಾತು ಬಿಟ್ಟಿದ್ದಳು. ಆಮೇಲೆ ಏನನ್ನಿಸಿತೋ, ಕತ್ತಾಳೆ ಕೊಯ್ದು, ನೀರಿನಲ್ಲಿ ಕೊಳೆಹಾಕಿ, ಬಡಿದು, ತೊಳೆದು, ಬೆಳ್ಳಗಿನ ನಾರಿನ ಕಟ್ಟು ಹೊತ್ತುಕೊಂಡು ತಾನೇ ಬಸ್ಸು ಹತ್ತಿ ಬಂದಿದ್ದಳು.

"ಉದ್ದ ಇದ್ರೆ ಮಿಷನ್ನಿಗೆ ಸುತ್ಕಂಡ್ಬುಡ್ತದೆ ಅತ್ತೆ," ಎಂದಳು ಲೋಹಿತಾ ಮೆಲ್ಲಗೆ. "ಇದು ಹಗ್ಗ ಆಗಕಿಲ್ಲ. ಬ್ಯಾರೆ ಏನೋ ಆಯ್ತದೆ."

ನರಸಮ್ಮ ನಾರನ್ನು ಒಮ್ಮೆ ಕೆನ್ನೆಗೆ ಒತ್ತಿಕೊಂಡಳು. "ಕೊಡು ಇತ್ಲಾಗೆ, ನಾನೇ ಕತ್ತರಿಸ್ತೀನಿ."

ಮೊದಲ ಹಲಗೆಯ ತುಂಬ ಗುಳ್ಳೆ ಎದ್ದವು. ನಾರಿನಲ್ಲಿ ತೇವ ಉಳಿದಿತ್ತು. ಸ್ಪಂದನಾ ಮುಖ ಸಣ್ಣದು ಮಾಡಿಕೊಂಡಳು. ಲೋಹಿತಾ ಉಳಿದ ಚೂರುಗಳನ್ನು ತಗಡಿನ ಮೇಲೆ ಹರಡಿ, ಮಧ್ಯಾಹ್ನದ ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ ಮತ್ತೆ ಬೆರೆಸಿದಳು. ಸಂಜೆಗೆ ಇನ್ನೊಂದು ಹಲಗೆ ಅಚ್ಚಿನಿಂದ ಹೊರಬಂತು.

ಆರಿದ ಮೇಲೆ ಅದನ್ನು ಎರಡು ಇಟ್ಟಿಗೆಗಳ ಮೇಲಿಟ್ಟು, ಭಾರ ಹೇರಿ ನೋಡಲೆಂದು ಲೋಹಿತಾ ಮರಳಿನ ಚೀಲ ತರಲು ಹೋದಳು. ತಿರುಗುವಷ್ಟರಲ್ಲಿ ನರಸಮ್ಮ ಸೀರೆ ಎತ್ತಿಕಟ್ಟಿ ಹಲಗೆಯ ನಟ್ಟನಡುವೆ ನಿಂತಿದ್ದಳು.

"ಅತ್ತೆ, ಬಿದ್ದುಬುಟ್ಟೀರಾ! ಇಳೀರಿ!"

"ಸುಮ್ಕಿರಮ್ಮಿ." ನರಸಮ್ಮ ಉಸಿರು ಬಿಗಿಹಿಡಿದು ಒಮ್ಮೆ ಕುಪ್ಪಳಿಸಿದಳು. ಹಲಗೆ ತುಸು ಬಳುಕಿ ನೆಟ್ಟಗಾಯಿತು. ಬಿರಿದ ಸದ್ದು ಬರಲಿಲ್ಲ. ಅವಳ ಮುಖ ಅರಳಿತು. "ಬಾರೇ, ನೀನೂ ಹತ್ತು!"

ಲೋಹಿತಾ ಹಿಂಜರಿಯುತ್ತ ಒಂದು ಕಾಲಿಟ್ಟಳು, ಮತ್ತೊಂದನ್ನೂ ಎತ್ತಿದಳು. ಅತ್ತೆ ಸೊಸೆ ಒಬ್ಬರ ಭುಜ ಒಬ್ಬರು ಹಿಡಿದು ನಿಂತರು. ಬಾಗಿಲಿನಿಂದ ಬಂದ ಇಳಿಬಿಸಿಲಿಗೆ ಅವರ ಕಾಲಡಿಯ ನೀಲಿ ಪ್ಲಾಸ್ಟಿಕ್ಕಿನೊಳಗೆ ನಾರಿನ ಚೂರುಗಳು ದಿಕ್ಕಿಗೊಂದಾಗಿ, ಒಂದರ ಮೇಲೊಂದು ಮಲಗಿದ್ದವು.