ಎಲೆ ಕೆಳಗಿನ ಕೆಂಪು

ಸಂಡೂರಿನಲ್ಲಿ ಮೂವತ್ತು ವರ್ಷ ಅದಿರಿನ ಲಾರಿ ಓಡಿಸಿದ ಗಾಳೆಪ್ಪನಿಗೆ ಕೆಂಪಗೆ ಕಂಡದ್ದೆಲ್ಲ ಧೂಳೇ. ಪಕ್ಕದ ಮನೆಯ ಜಂಬವ್ವ, ಕಂಪ್ಲಿಯಲ್ಲಿದ್ದ ಬಸುರಿ ಮಗಳಿಗೆ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ, ಬಾಣಂತನಕ್ಕೆ ತಾನೇ ಅಲ್ಲಿಗೆ ಹೊರಟಾಗ, "ಅಣ್ಣಾ, ನನ್ನ ಮಲ್ಲಿಗಿ ಬಳ್ಳಿ ನೋಡ್ಕೊ. ತೊಟ್ಲ ಕಾರ್ಯಕ್ಕ ಅದರ ಹೂವ ತರಬೇಕು ನೋಡು" ಎಂದಿದ್ದಳು. ಕೆಲ ದಿನಕ್ಕೆ ಬಳ್ಳಿಯ ಎಲೆ ಕೆಂಪಾಯಿತು. ಅದಿರಿನ ಧೂಳೆಂದು ಈ ಪುಣ್ಯಾತ್ಮ ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಒಂದೊಂದೇ ಎಲೆ ಒರೆಸಿದ. ಒರೆಸಿದಷ್ಟೂ ಕೆಂಪು ಹೆಚ್ಚಾಯಿತು. ಲಾರಿಯವರಿಗೆ ಹಿಡಿ ಹಿಡಿ ಶಾಪ ಹಾಕಿದ.

ತೊಟ್ಟಿಲಿಗೆ ಇನ್ನೈದು ದಿನ ಎನ್ನುವಾಗ ಎದುರುಮನೆಯ ಮುದುಕಿ ದುರುಗವ್ವ ಬಂದು ಒಂದು ಎಲೆ ಮಗುಚಿದಳು.

"ಧೂಳು ಎಲಿ ಮ್ಯಾಲ ಕುಂದರ್ತೈತಿ, ಕೆಳಗ್ಯಾಕ ಬರ್ತೈತೋ ಮಾರಾಯ? ಇದು ತುಕ್ಕು ರೋಗ. ಒದ್ದಿ ಅರಿವಿ ತಗೊಂಡು ನೀನ ಬಳ್ಳಿ ತುಂಬ ಹಚ್ಚೀದಿ!"

ಗಾಳೆಪ್ಪ ಕೈಲಿದ್ದ ಬಟ್ಟೆ ಎಸೆದ. "ಈಗೇನ್ ಮಾಡ್ಲಬೇ?"

"ರೋಗ ಬಂದ ಎಲಿ, ಮಗ್ಗಿ ಕಿತ್ತು ಸುಡು. ಉಪ್ಪಿಲ್ಲದ ಹುಳಿ ಮಜ್ಜಿಗಿಗೆ ನೀರು ಬೆರೆಸಿ, ಚಿಟಿಕಿ ಅಡಿಗಿ ಸೋಡಾ ಹಾಕಿ ಸಂಜಿಮುಂದ ಹೊಡಿ."

ಎಲೆಯೇನೋ ಕಿತ್ತ, ಬುಟ್ಟಿ ತುಂಬಿತು. ಮೊಗ್ಗಿಗೆ ಮಾತ್ರ ಕೈ ಹೋಗಲಿಲ್ಲ. ಇವನ್ನೂ ಕಿತ್ತರೆ ತೊಟ್ಟಿಲಿಗೆ ಏನು ಒಯ್ಯುವುದು? ದಿನಾ ಸಂಜೆ ಮಜ್ಜಿಗೆ ಹೊಡೆದ. ದಿನಕ್ಕೆ ಇಪ್ಪತ್ತು ಸಲ ಎಲೆ ಮಗುಚಿ ನೋಡಿದ. ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ನಾಲ್ಕನೆಯ ದಿನ ಮೊಗ್ಗುಗಳೆಲ್ಲ ಸೊಟ್ಟಗೆ ಊದಿಕೊಂಡು, ಮುಟ್ಟಿದರೆ ಬೆರಳಿಗೆ ಅದೇ ಕೆಂಪು. ಒಂದೂ ಬಿಡದೆ ಕಿತ್ತು ಸುಟ್ಟ. ಸುಡುವಾಗ ಅತ್ತೂಬಿಟ್ಟ.

ಮರುದಿನ ಹೊಸಪೇಟೆಯಲ್ಲಿ ಎರಡು ಮಾರು ಮಲ್ಲಿಗೆ ಕೊಂಡು ಕಂಪ್ಲಿ ಬಸ್ಸು ಹತ್ತಿದ. ಮಲ್ಲಿಗೆ ಅಂದರೆ ಮಲ್ಲಿಗೆಯೇ, ಯಾರಿಗೆ ಗೊತ್ತಾಗುತ್ತದೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ.

ಜಂಬವ್ವ ಮಾಲೆಯನ್ನು ಮೂಗಿಗೆ ಹಿಡಿದವಳೇ, "ಇದು ನಮ್ಮನಿದಲ್ಲ" ಎಂದಳು.

ಬಂದವರೆಲ್ಲ ತಿರುಗಿ ನೋಡಿದರು.

"ಅಲ್ಲ, ತಂಗಿ. ಧೂಳು ಅಂತ ಒರೆಸಿ ಒರೆಸಿ ನಾನ ರೋಗ ಹಬ್ಬಿಸಿದೆ. ಒಂದು ಮಗ್ಗೀನೂ ಉಳೀಲಿಲ್ಲ."

"ಬಳ್ಳಿ?"

"ಬುಡದಾಗ ಎರಡು ಚಿಗುರು ಅದಾವು. ಎಲಿ ಕೆಳಗೂ ನೋಡೇ ಬಂದೀನಿ, ಸ್ವಚ್ಛ ಅದಾವು."

ಜಂಬವ್ವ ಮಗಳ ಮಡಿಲಿಂದ ಕೂಸನ್ನು ಎತ್ತಿ ಅವನ ಮುಂದೆ ಚಾಚಿದಳು.

"ಹಿಡಿ. ತೊಟ್ಲಾಗ ನೀನ ಹಾಕು."

"ಬ್ಯಾಡವ್ವ, ನನ್ನ ಕೈಗುಣ ನೋಡೀದಿಯಲ್ಲ..." ಗಾಳೆಪ್ಪ ಹಿಂದೆ ಸರಿದ.

"ಒಂದು ತಪ್ಪಾದ್ರ ಕೈ ಕಡದು ಒಗೀತಾರೇನು? ಜಲ್ದಿ ಹಿಡಿ, ಕೂಸು ಅಳಾಕತ್ತೈತಿ."