ಇಳಿದ ನೀರು

ನನ್ನ ಬಾಯಿ ಒಳ್ಳೆಯದಲ್ಲ. ಇದನ್ನು ನಮ್ಮಮ್ಮ ಹೇಳಿದ್ದಾಳೆ, ನನ್ನ ಗಂಡ ಅಂಬರೀಶ್ ಹೇಳಿದ್ದಾರೆ, ಚಿಂತಾಮಣಿ ಮಾರ್ಕೆಟ್ಟಿನಲ್ಲಿ ಟೊಮೆಟೊ ಮಾರುವವಳೂ ಹೇಳಿದ್ದಾಳೆ. ಒಂದು ದಿನವೂ ಹೇಳದೆ ಇದ್ದವರು ಒಬ್ಬರೇ, ನಮ್ಮ ಮಾವ ನಲ್ಲಪ್ಪ. ಅಂಥವರಿಗೇ ನಾನು ಆ ಮಾತು ಅಂದೆ. ಅವರ ಮೂಗಿನಿಂದ ಇನ್ನೂ ಉಪ್ಪುನೀರು ಸುರಿಯುತ್ತಿರುವಾಗ ಅಂದೆ.

ಎರಡು ಸಾವಿರದ ಐದನೇ ಇಸವಿಯ ಮೇ ತಿಂಗಳು. ಸರ್ವೆ ಇಲಾಖೆಯಲ್ಲಿದ್ದ ಅಂಬರೀಶ್‌ಗೆ ಬಡ್ತಿ ಬಂದಿತ್ತು. ಖಾಲಿ ಇದ್ದದ್ದು ಎರಡೇ ಜಾಗ, ಅಂಕೋಲಾ ಮತ್ತು ಕುಂದಾಪುರ. ಎರಡೂ ಸಮುದ್ರದ ಮಗ್ಗುಲಿನವು. ಯಾವುದು ಬೇಕೆಂದು ತಿಂಗಳ ಕೊನೆಯ ಸೋಮವಾರದೊಳಗೆ ಬರೆದುಕೊಡಬೇಕಿತ್ತು. ಬೇರೆ ಸಮಯದಲ್ಲಾಗಿದ್ದರೆ ಬಡ್ತಿಯೂ ಬೇಡ, ಸಮುದ್ರವೂ ಬೇಡ ಎಂದು ನಾನೇ ಅಡ್ಡ ನಿಲ್ಲುತ್ತಿದ್ದೆ. ಆದರೆ ನಮಗೆ ನೀರು ಬದಲಾಗಬೇಕಿತ್ತು.

ಕೈವಾರದ ಹತ್ತಿರದ ನಮ್ಮ ಊರಿನಲ್ಲಿ ಬೋರ್‌ವೆಲ್ ಆಳಕ್ಕೆ ಹೋದಷ್ಟೂ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅದನ್ನೇ ಕುಡಿದೂ ಕುಡಿದೂ ಮಾವನ ಬೆನ್ನು ಬಾಗಿಹೋಗಿತ್ತು. ನೆಟ್ಟಗೆ ನಿಲ್ಲಲು ಆಗುತ್ತಿರಲಿಲ್ಲ, ಕತ್ತು ಎತ್ತಲು ಆಗುತ್ತಿರಲಿಲ್ಲ, ಯಾರಾದರೂ ಪಕ್ಕದಿಂದ ಕರೆದರೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಿದ್ದರು. ಅದಕ್ಕೂ ಒಗ್ಗಿಕೊಂಡಿದ್ದೆವು. ಆ ವರ್ಷ ನಮ್ಮ ಏಳು ವರ್ಷದ ಮಗಳು ಸಂಘಮಿತ್ರಳಿಗೆ ಹೊಸ ಹಲ್ಲು ಬಂದವು, ಬರುವಾಗಲೇ ಕಂದು ಗೆರೆ ಹೊತ್ತು ಬಂದವು. ಡಾಕ್ಟರು ಅವಳ ಬಾಯಿ ನೋಡಿ, ಆಮೇಲೆ ಮಾವನ ಬೆನ್ನು ನೋಡಿ, “ಔಷಧಿ ಇಲ್ಲಮ್ಮ, ನೀರು ಬದಲಾಯಿಸಿ” ಅಂದರು. ಅವತ್ತು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಾನು ಅತ್ತುಬಿಟ್ಟೆ. ಮನೆಮಂದಿಯೆಲ್ಲ ಹೊರಡುವುದು ಅಲ್ಲೇ ತೀರ್ಮಾನವಾಯಿತು.

ಯಾವ ಊರು ಎನ್ನುವುದು ಮಾತ್ರ ಉಳಿಯಿತು. ಅದನ್ನು ಅಂಬರೀಶ್ ಅಪ್ಪನ ಕೈಗೆ ಕೊಟ್ಟರು.

“ನೀನೇ ಬಂದು ನೋಡಪ್ಪ. ನೀರಿನ ವಿಷಯ ನಿನಗಿಂತ ಯಾರಿಗೆ ಗೊತ್ತು?”

ಅದು ಸುಮ್ಮನೆ ಅಂದ ಮಾತಲ್ಲ. ಮಾವ ನಮ್ಮೂರ ಕೆರೆಯ ನೀರುಗಂಟಿ. ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹೇಳುವುದು ನಾಲ್ಕು ತಲೆಮಾರಿನಿಂದ ನಮ್ಮ ಮನೆಯವರ ಕೆಲಸ. ಅದಕ್ಕೆಂದೇ ಒಂದು ಕೋಲು ಇತ್ತು. ಗೇಣಿಗೊಂದು ಗೀರು, ತುದಿಗೆ ಹಿತ್ತಾಳೆ ಬಳೆ. ಸಂಜೆ ಕೆರೆಯ ಅಂಚಿಗೆ ನೆಟ್ಟು ಬೆಳಿಗ್ಗೆ ಹೋಗಿ ನೋಡಿದರೆ ನೀರು ಎಷ್ಟು ಇಳಿಯಿತು, ಬೆಳೆಗೆ ಎಷ್ಟು ದಿನ ಸಾಲುತ್ತದೆ ಎಂದು ಮಾವ ಹೇಳಿಬಿಡುತ್ತಿದ್ದರು. ನಮ್ಮನ್ನು ಜಗಲಿ ಹತ್ತಲು ಬಿಡದ ಮನೆಯವರೂ ಆ ಕೋಲಿನ ಮಾತನ್ನು ಮೀರುತ್ತಿರಲಿಲ್ಲ. ಕೆರೆ ತುಂಬದೆ ಆಗಲೇ ಐದಾರು ವರ್ಷವಾಗಿತ್ತು. ಕೋಲು ಬಾಗಿಲ ಹಿಂದೆ ನಿಂತೇ ಇತ್ತು.

ಮಗ ಕೇಳಿದ್ದೇ ತಡ, ಮಾವ ಕೋಲಿಗೆ ಎಣ್ಣೆ ಸವರಿದರು. ಬುದ್ಧ ಪೂರ್ಣಿಮೆಯ ಪೂಜೆ ಮುಗಿಸಿ ಅವತ್ತೇ ಸಂಜೆ ಹೊರಟೆವು. ಮಾವ ಹೊರಡುವ ಮುಂಚೆ ಕೆರೆಕಟ್ಟೆಯ ಗಂಗಮ್ಮನಿಗೂ ಒಂದು ಕೈ ಮುಗಿದು ಬಂದರು.

“ಇದೇನಪ್ಪ, ಬುದ್ಧನ ಪೂಜೆ ದಿನ ಗಂಗಮ್ಮ?” ಎಂದು ಅಂಬರೀಶ್ ರೇಗಿಸಿದರೆ, “ಬುದ್ಧ ನಿಂಗೆ ಓದು ಕೊಟ್ಟ ಕಣೋ, ಆಯಮ್ಮ ನಂಗೆ ಕೆಲ್ಸ ಕೊಟ್ಲು” ಅಂದರು.

ಮೊದಲು ಅಂಕೋಲಾ. ಇಲಾಖೆಯವರು ಗುರುತು ಮಾಡಿಟ್ಟ ಮನೆ ಗುಡ್ಡದ ಓರೆಯಲ್ಲಿತ್ತು. ಮನೆಯವರು ಮುಂಬಯಿಯಲ್ಲಿದ್ದರು, ಬೀಗದ ಕೈ ಅಂಗಡಿಯವನ ಹತ್ತಿರ. ಸುತ್ತ ಒಂದು ನರಪಿಳ್ಳೆ ಕಾಣಲಿಲ್ಲ. ಮಾವ ಬಾವಿಯಿಂದ ಒಂದು ಚೊಂಬು ಸೇದಿಸಿ ಕುಡಿದು, “ನೀರು ಚೆನ್ನಾಗೈತೆ” ಅಂದರು. ಅಷ್ಟೇ. ರಾತ್ರಿ ಕುಂದಾಪುರದ ಲಾಡ್ಜಿನಲ್ಲಿ ಉಳಿದು, ಮಾರನೇ ದಿನ ಬೆಳಕು ಹರಿಯುತ್ತಲೇ ಎರಡನೇ ಮನೆ ನೋಡಲು ಹೋದೆವು.

ಆ ಮನೆ ಹೊಳೆಯ ದಡದಲ್ಲಿತ್ತು. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಹೊಳೆ ಸಮುದ್ರ ಸೇರುತ್ತಿತ್ತು. ಅಷ್ಟು ನೀರನ್ನು ನಾವು ಹುಟ್ಟಿದಾರಭ್ಯ ನೋಡಿರಲಿಲ್ಲ. ಮಿತ್ರಾ, ಮಾವನ ಬಾಯಲ್ಲಿ ಅಮ್ಮಣ್ಣಿ, ಬಾಯಿ ಬಿಟ್ಟುಕೊಂಡು ನಿಂತಳು. ಮಾವ ಚಪ್ಪಲಿ ಬಿಟ್ಟು, ಅಂಚಿನಲ್ಲಿ ಕೋಲು ನೆಟ್ಟು, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ನಾವು ಮೂಲೆಯ ಹೋಟೆಲಿನಲ್ಲಿ ಚಹಾ ಕುಡಿದು ಬರುವಷ್ಟರಲ್ಲಿ ನೀರು ಕೋಲು ಬಿಟ್ಟು ಹಿಂದಕ್ಕೆ ಸರಿದಿತ್ತು. ಹೊಳೆಯ ನಡುವೆ ಮರಳಿನ ದಿಬ್ಬ ಎದ್ದು ಕೂತಿತ್ತು. ಮಾವನ ಮುಖ ನೋಡಬೇಕಿತ್ತು. ಐದಾರು ವರ್ಷದ ಮೇಲೆ ಅವರ ಕೋಲು ನೀರು ಕಂಡಿತ್ತು.

“ಮೇಲೆಲ್ಲೋ ತೂಬು ಎತ್ತವ್ರೆ ಕಣಮ್ಮ ಜ್ಯೋತಿ. ಆಗ್ಲೇ ಒಂದು ಗೇಣು ಹೋಯ್ತು. ಅಮ್ಮಣ್ಣೀನ ಆ ದಿಬ್ಬಕ್ಕೆ ಕರ್ಕೊಂಡು ಹೋಗ್ಬರ್ತೀನಿ. ಕಪ್ಪೆಚಿಪ್ಪು ಬೇಕಂತೆ.”

“ನೀರು ಬಂದ್ರೆ ಮಾವ?”

“ಎಲ್ಲಿಂದ ಬರ್ತದೆ? ಇಳಿದ ನೀರು ಮಳೆ ಬರೋಗಂಟ ಏರಲ್ಲಮ್ಮ.”

ಆ ಮಾತಿಗೆ ನಾನು ತಲೆಯಾಡಿಸಿದೆ. ಇದನ್ನು ಮುಚ್ಚಿಡಬಾರದು, ಹೇಳಿಬಿಡುತ್ತೇನೆ. ಸಮುದ್ರದ ಉಬ್ಬರ ಇಳಿತದ ಬಗ್ಗೆ ನಾನು ಹೈಸ್ಕೂಲಿನಲ್ಲಿ ಓದಿದ್ದೆ. ಚಂದ್ರನ ಆಕರ್ಷಣೆ ಎಂದು ಬರೆದು ಎರಡಕ್ಕೆ ಎರಡು ಅಂಕ ತಗೊಂಡಿದ್ದೆ. ಅಂಬರೀಶ್ ಡಿಪ್ಲೊಮಾ ಓದಿದವರು. ಪುಸ್ತಕದ ಆ ನೀರೂ ಕಣ್ಣೆದುರಿನ ಈ ನೀರೂ ಒಂದೇ ಎಂದು ಇಬ್ಬರಿಗೂ ಹೊಳೆಯಲಿಲ್ಲ. ನಮ್ಮ ಕಣ್ಣಿಗೆ ಅದು ಕೆರೆ. ಕೆರೆಯ ವಿಷಯದಲ್ಲಿ ಮಾವನ ಮಾತೇ ಕೊನೆ.

“ಬಿಸಿಲೇರೋದ್ರೊಳ್ಗೆ ಬಂದ್ಬಿಡಿ” ಅಂದೆ. ತಾತ ಮೊಮ್ಮಗಳು ಕೈ ಹಿಡಿದುಕೊಂಡು ಕಣಕಾಲುದ್ದದ ನೀರು ದಾಟಿ ಹೋದರು.

ನಾವು ಮನೆ ನೋಡಿದೆವು. ಹೆಂಚು ನೋಡಿದೆವು, ಬಾವಿ ನೋಡಿದೆವು. ಮನೆಯ ಯಜಮಾನರು ಅವಲಕ್ಕಿ ಕಲಸಿಕೊಟ್ಟರು. ಸ್ಕೂಲು ಎಷ್ಟು ದೂರ ಎಂದು ನಡೆದೇ ಹೋಗಿ ನೋಡಿ ಬಂದೆವು. ವಾಪಸು ಬಂದ ಮೇಲೆ ಬಚ್ಚಲ ಬಾಗಿಲಿಗೆ ಚಿಲಕವಿಲ್ಲ ಎಂದು ನಾನು ಜಗಳ ತೆಗೆದೆ. ಒಂದು ಕಬ್ಬಿಣದ ಚಿಲಕಕ್ಕೆ ಕಾಲು ಗಂಟೆ ವಾದ ಮಾಡಿದೆ. ಹೊಳೆಯ ಕಡೆ ಬಂದಾಗ ಒಂಬತ್ತೂವರೆ ದಾಟಿತ್ತು.

ಕೋಲು ಇರಲಿಲ್ಲ. ದಿಬ್ಬ ಇರಲಿಲ್ಲ. ಈ ದಡದಿಂದ ಆ ದಡದವರೆಗೆ ನೀರೋ ನೀರು.

ದಾರಿ ತಪ್ಪಿ ಬೇರೆ ಕಡೆ ಬಂದಿದ್ದೇವೆ ಎಂದುಕೊಂಡೆ. ನಿಜವಾಗಿಯೂ ಹಾಗೇ ಅಂದುಕೊಂಡೆ, ಅಂಬರೀಶ್‌ಗೆ “ಇದಲ್ಲ ಕಣ್ರೀ ಜಾಗ” ಎಂದೂ ಹೇಳಿದೆ. ಅಷ್ಟರಲ್ಲಿ ಕಾಲ ಹತ್ತಿರ ತೆಂಗಿನ ಬೇರಿಗೆ ಏನೋ ಟಕಟಕ ಬಡಿಯುತ್ತಿತ್ತು. ಬಗ್ಗಿ ನೋಡಿದರೆ ಮಾವನ ಒಂದು ಚಪ್ಪಲಿ.

ಹೊಳೆಯ ನಟ್ಟನಡುವೆ ಹಳದಿ ಬಣ್ಣ ಕಂಡಿತು. ಮಿತ್ರಾಳ ಫ್ರಾಕು. ಅವಳು ನೀರಿನ ಮೇಲೆ ಕೂತ ಹಾಗಿತ್ತು. ಕಣ್ಣು ಕಿರಿದು ಮಾಡಿ ನೋಡಿದಾಗ ಗೊತ್ತಾಯಿತು, ಅವಳು ಕೂತದ್ದು ಮಾವನ ಹೆಗಲ ಮೇಲೆ. ಮಾವನ ಮುಖ ಒಂದು ಸಲ ಕಾಣುತ್ತಿತ್ತು, ಅಲೆ ಬಂದಾಗ ಕಾಣುತ್ತಿರಲಿಲ್ಲ. ಮತ್ತೆ ಕಾಣುತ್ತಿತ್ತು. ನಾನು ಕೂಗಲು ಬಾಯಿ ತೆರೆದೆ. ಊರಿಗೆಲ್ಲ ಕೇಳುವ ನನ್ನ ದನಿ ಆ ಹೊತ್ತಿಗೆ ಬರಲೇ ಇಲ್ಲ. ಅಂಬರೀಶ್ ಈಜು ಬಾರದವರು ನೀರಿಗೆ ಓಡಿದರು, ನಾಲ್ಕು ಹೆಜ್ಜೆಗೆ ಎದೆಮಟ್ಟ ಬಂದು ಸೆಳೆತಕ್ಕೆ ಉರುಳಿಬಿದ್ದರು. ನಾನು ಸೀರೆ ಸಮೇತ ಹೋಗಿ ಅವರ ಅಂಗಿ ಹಿಡಿದುಕೊಂಡೆ. ಮುಂದೆ ಏನು ಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

“ಹೋಯ್! ಅಜ್ಜಯ್ಯ! ಅಲ್ಲೇ ನಿಂತ್ಕಣಿ, ಕಾಲ್ ಎತ್ತ್‌ಬೇಡಿ!”

ಕೂಗಿದ್ದು ಒಬ್ಬ ಹೆಂಗಸು. ಮೊಣಕಾಲಿನ ಮೇಲೆ ಸೀರೆ ಕಟ್ಟಿ, ಸಣ್ಣ ದೋಣಿಯನ್ನು ಬಿದಿರಿನ ಗಳದಿಂದ ತಳ್ಳಿಕೊಂಡು ಬಂದಳು. ಮಾವನಿಗೆ ಕೇಳಿಸಿತೋ ಇಲ್ಲವೋ, ಅವರಂತೂ ಅಲ್ಲಾಡಲಿಲ್ಲ. ಅವಳು ಮೊದಲು ಮಗುವನ್ನು ಎತ್ತಿಕೊಂಡಳು, ಆಮೇಲೆ ಮಾವನನ್ನು ಕಂಕುಳಿಗೆ ಕೈ ಹಾಕಿ ಎಳೆದಳು. ಮಗುವಿನ ಎರಡೂ ಕಾಲು ಹಿಡಿದ ಮಾವನ ಬೆರಳು ಸೆಟೆದುಕೊಂಡು ಬಿಡಿಸುವುದೇ ಕಷ್ಟವಾಯಿತೆಂದು ಆಮೇಲೆ ಅವಳೇ ಹೇಳಿದಳು.

ದಡಕ್ಕೆ ಬಂದ ಮಿತ್ರಾ ನನ್ನ ಕುತ್ತಿಗೆಗೆ ಬಿದ್ದಳು. ಅವಳ ಮುಷ್ಟಿಯಲ್ಲಿ ಕಪ್ಪೆಚಿಪ್ಪು ಹಾಗೇ ಇದ್ದವು. ಆಗ ನನ್ನ ದನಿ ವಾಪಸು ಬಂತು. ಬರಬಾರದಾಗಿತ್ತು.

“ನಿಮ್ಮ ನೀರುಗಂಟಿತನಕ್ಕೆ ಬೆಂಕಿ ಹಾಕ! ಆ ಕೋಲಿಗೂ ಬೆಂಕಿ ಹಾಕ! ನನ್ನ ಮಗೂನ ನುಂಗಿಬಿಡ್ತಿದ್ರಲ್ಲ ಮಾವ!”

ಮಾವ ಕೆಮ್ಮಿದರು. ನೀರು ಕಾರಿದರು. ಆಮೇಲೆ ಯಾರಿಗೋ ಲೆಕ್ಕ ಒಪ್ಪಿಸುವ ಹಾಗೆ ಮೆಲ್ಲಗೆ, “ಕಣ್ಣು ಹತ್ತಿಬಿಡ್ತಮ್ಮ. ಎದ್ದು ನೋಡಿದ್ರೆ ಸುತ್ತ ನೀರು. ಬೆನ್ನು ನೆಟ್ಟಗಿದ್ದಿದ್ರೆ ಮಗೀಗೆ ಇನ್ನೊಂದು ಗೇಣು ಸಿಗ್ತಿತ್ತು” ಅಂದರು.

ನಾನು ಅದಕ್ಕೂ ಕರಗಲಿಲ್ಲ. ಆ ಹೆಂಗಸೇ ನನ್ನನ್ನು ಗದರಿದಳು. ಅವಳ ಹೆಸರು ಗುಲಾಬಿ, ಹೊಳೆಯಲ್ಲಿ ಚಿಪ್ಪು ಹೆಕ್ಕಿ ಮಾರುವವಳು.

“ಅಜ್ಜಯ್ಯನ್ನ ಬೈಬೇಡಿ ಮಾರಾಯ್ರೆ. ದಿನಕ್ಕೆ ಎರಡ್ ಸಲ ನೀರ್ ಏರತ್ತ್, ಎರಡ್ ಸಲ ಇಳಿತ್ತ್. ಹುಣ್ಮಿ ಆದ ಮೇಲೆ ಇನ್ನೂ ಜೋರ್. ಬೆಳಿಗ್ಗೆ ಇವ್ರು ದಿಬ್ಬಕ್ಕೆ ಹೋದ್ದ್ ನಾ ಕಂಡಿದ್ದೆ. ಪರ ಊರಿನವ್ರಿಗೆ ಕೂಗಿ ಹೇಳ್ದೆ ಇದ್ದದ್ದ್ ನನ್ ತಪ್ಪ್.”

ತನ್ನ ಟವೆಲ್ಲಿನಿಂದ ಮಾವನ ತಲೆ ಒರೆಸಿದಳು. ಮನೆಯಿಂದ ಬಿಸಿ ಗಂಜಿ ತಂದು ಕುಡಿಸಿದಳು. ಹಲ್ಲು ಕಟಕಟ ಎನ್ನುತ್ತಿದ್ದರೂ ಮಾವ, “ಮತ್ತೆ ಎಷ್ಟೊತ್ತಿಗಮ್ಮ ಇಳಿಯೋದು?” ಎಂದು ಕೇಳಿದರು. ಅವಳು ಸಂಜೆ ಎಂದಳು. ನಾಳೆ ಎಂದರೆ ಇನ್ನೂ ಮುಕ್ಕಾಲು ಗಂಟೆ ತಡ ಎಂದಳು. ಮಾವ ಬೆರಳು ಮಡಚಿ ಮಡಚಿ ಕೇಳಿಸಿಕೊಂಡರು. ನನಗೆ ಮೈಯೆಲ್ಲ ಉರಿಯಿತು. ಹೊರಡುವಾಗ ಅವಳು ಓಡಿಬಂದು, ಪೊದೆಗೆ ಸಿಕ್ಕಿಕೊಂಡಿತ್ತೆಂದು ಕೋಲು ತಂದುಕೊಟ್ಟಳು.

ಊರಿಗೆ ಬಂದ ಮೇಲೆ ಮೂರು ದಿನ ಮಾವ ಮಾತಾಡಲಿಲ್ಲ. ನಾನೂ ಮಾತಾಡಿಸಲಿಲ್ಲ. ಕೋಪವಲ್ಲ, ದಿಗಿಲು. ಪಾತ್ರೆಯಲ್ಲಿ ನೀರು ತುಂಬುವ ಸದ್ದಿಗೆ ಬೆಚ್ಚಿಬೀಳುತ್ತಿದ್ದೆ. ಮಿತ್ರಾ ಕಣ್ಣೆದುರಿಗೆ ಇದ್ದರೂ ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಮಾವ ಊಟದ ತಟ್ಟೆ ತಾವೇ ತೊಳೆದಿಡುತ್ತಿದ್ದರು, ಬೇರೆಯವರ ಮನೆಗೆ ಬಂದವರ ಹಾಗೆ.

ಭಾನುವಾರ ಅಂಬರೀಶ್ ಅರ್ಜಿ ಹಿಡಿದು ಕೂತರು. “ಅಂಕೋಲಾ ಅಂತ ಬರೆದುಬಿಡಲಾ?”

“ಎರಡೂ ಬೇಡ. ಹಲ್ಲು ಹಾಳಾದ್ರೆ ಆಗ್ಲಿ. ಮಗು ಉಳೀಲಿ” ಅಂದೆ.

ಆಗಲೇ ಹಿತ್ತಲಿನಿಂದ ಸುಟ್ಟ ಎಣ್ಣೆಯ ವಾಸನೆ ಬಂತು. ಹೋಗಿ ನೋಡಿದರೆ ಮಾವ ನೀರು ಕಾಯಿಸುವ ಹಂಡೆಯ ಮುಂದೆ ಕೂತಿದ್ದರು. ಒಲೆಯೊಳಗೆ ಸೌದೆಯ ಜೊತೆ ಕೋಲು ಉರಿಯುತ್ತಿತ್ತು. ಹಿತ್ತಾಳೆ ಬಳೆ ಕಪ್ಪಾಗಿತ್ತು. ಅಯ್ಯೋ ಎಂದು ಬರಿಗೈಯಲ್ಲೇ ಎಳೆದು ಕಲ್ಲಿಗೆ ಬಡಿದೆ. ಅರ್ಧಕ್ಕರ್ಧ ಸುಟ್ಟುಹೋಗಿತ್ತು. ನಾಲ್ಕು ತಲೆಮಾರಿನ ಕೋಲು.

“ಯಾಕ್ ಮಾವ? ಯಾಕೆ ಹೀಗ್ ಮಾಡಿದ್ರಿ?”

“ನೀನೇ ಹೇಳಿದ್ಯಲ್ಲಮ್ಮ.”

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು. ನಾನು ಅಲ್ಲೇ ಬೂದಿಯ ಮೇಲೆ ಕುಸಿದು ಅವರ ಕಾಲು ಹಿಡಿದುಕೊಂಡೆ.

“ನನ್ನ ಬಾಯಿಗೆ ಹುಳ ಬೀಳ ಮಾವ. ದಿಗಿಲಲ್ಲಿ ಅಂದೆ. ಉಬ್ಬರ ಇಳಿತ ಸ್ಕೂಲಲ್ಲಿ ಓದಿದವಳು ನಾನು, ನನಗೇ ಗೊತ್ತಾಗ್ಲಿಲ್ಲ.”

“ನೀನು ಅಂದಿದ್ದು ಸರಿ ಐತಮ್ಮ. ನೀರು ತಿಳೀದವನ ಕೈಲಿ ಕೋಲು ಇರಬಾರದು.” ಇಡೀ ಮೈ ತಿರುಗಿಸಿ ನನ್ನ ಕಡೆ ನೋಡಿದರು. “ಕುಂದಾಪುರ ಅಂತ ಬರ್ಸು.”

“ಅಲ್ಲಿಗಾ? ಅಷ್ಟು ಆದ್ಮೇಲೂನಾ?”

“ಅಂಕೋಲದಾಗೆ ನೀರು ಚೆನ್ನಾಗೈತೆ. ಕೂಗಿ ಹೇಳೋರು ಯಾರೂ ಕಾಣ್ಲಿಲ್ಲ. ಅಲ್ಲಾದ್ರೆ ಆಯಮ್ಮ ಅವ್ಳೆ, ತಪ್ಪು ನಂದು ಅಂತ ಅಂದೋಳು. ಅಮ್ಮಣ್ಣೀನ ಆಯಮ್ಮನ ಹಿಂದೆ ಬಿಡು. ಆ ನೀರು ಕಲೀಲಿ.”

“ನೀವು ಮಾವ?”

ಮಾವ ಒಲೆಯ ಕಡೆ ತಿರುಗಿ ಒಂದು ಕೊಳ್ಳಿ ಒಳಗೆ ತಳ್ಳಿದರು. “ನಂಗೂ ಕಲೀಬೇಕು ಅಂತ ಆಸೆ ಐತೆ. ಕರ್ಕೊಂಡು ಹೋದ್ರೆ.”

ಮೂರು ದಿನದಿಂದ ಅವರು ಇದನ್ನೇ ಯೋಚಿಸುತ್ತಿದ್ದರು. ಸೊಸೆ ತನ್ನನ್ನು ಬಿಟ್ಟುಹೋಗುತ್ತಾಳೆ ಎಂದುಕೊಂಡು ತಟ್ಟೆ ತೊಳೆದಿಡುತ್ತಿದ್ದರು.

ಒಳಗೆ ಹೋಗಿ ಅಂಬರೀಶ್ ಕೈಯಿಂದ ಪೆನ್ನು ಕಿತ್ತುಕೊಂಡೆ. ಊರಿನ ಜಾಗದಲ್ಲಿ ಕುಂದಾಪುರ ಎಂದು ಬರೆದೆ. ಕೆಳಗೆ, ಜೊತೆಯಲ್ಲಿ ಬರುವ ಕುಟುಂಬದವರು ಎಂದಿತ್ತು. ಅಂಬರೀಶ್ ಆಗಲೇ ಒಂದನೇ ಸಾಲಿಗೆ ನನ್ನ ಹೆಸರು ಬರೆದಿದ್ದರು. ಅದನ್ನು ಹೊಡೆದುಹಾಕಿ ನಲ್ಲಪ್ಪ ಎಂದು ಬರೆದೆ. ಉರಿಯುವ ಕೋಲು ಎಳೆದ ಬೆರಳು ಬೊಕ್ಕೆ ಎದ್ದಿದ್ದರಿಂದ ಅಕ್ಷರ ಸೊಟ್ಟಗೆ ಬಂತು. ಬೇರೆ ಅರ್ಜಿ ತರುತ್ತೇನೆ ಎಂದರು ಅಂಬರೀಶ್. ಬೇಡ, ಇದನ್ನೇ ಕೊಡಿ ಅಂದೆ.