ಹೆಸರೆತ್ತಬಾರದ ಹಾಡಿ

ಬುಟ್ಟಿಯಕ್ಕನ ಅಂಗಳದ ಬೇಲಿಗೆ ಒಂದು ಬಳ್ಳಿ ಹಬ್ಬಿತ್ತು. ಬೆಳಗಾದರೆ ಮೈತುಂಬ ಬಿಳಿ ಹೂವು. ಆ ಹೂವಿಗೊಂದು ಚಂದದ ಹೆಸರಿತ್ತು. ಬುಟ್ಟಿಯಕ್ಕನ ಅಮ್ಮನಿಗೂ ಅದೇ ಹೆಸರು. ಅಮ್ಮ ತೀರಿಕೊಂಡ ದಿನವೇ ಹೂವು ತನ್ನ ಹೆಸರು ಕಳೆದುಕೊಂಡಿತು. ಈಗ ಯಾರಾದರೂ ಎರಡು ಹೂವು ಬೇಕೆಂದು ಬಂದರೆ, ‘ಬೇಲಿ ಮೇಲೆ ಬಿಳಿಯದಿದೆಯಲ್ಲ, ಬೆಳಿಗ್ಗೆ ಅರಳಿ ಸಂಜೆಗೆ ಬಾಡುತ್ತದಲ್ಲ, ಅದು’ ಎಂದು ಸುತ್ತಿ ಬಳಸಿ ಕೇಳುವಷ್ಟರಲ್ಲಿ ಹೂವು ಬಾಡಿಯೇ ಹೋಗುತ್ತಿತ್ತು.

ಕಾಡಂಚಿನಲ್ಲಿ ಕಾಡಿನವರ ಹತ್ತಾರು ಮನೆಗಳಿದ್ದ ಆ ಹಾಡಿಯ ರೂಢಿಯೇ ಹಾಗೆ. ಸತ್ತವರ ಹೆಸರನ್ನು ಯಾರೂ ಬಾಯಲ್ಲಿ ಆಡಬಾರದು. ಅದೇ ಹೆಸರಿನ ಬೇರೆಯವರು ಬದುಕಿದ್ದರೆ ಅವರೂ ಹೆಸರು ಬಿಟ್ಟುಕೊಡಬೇಕು. ಹೀಗೆ ಬಿಟ್ಟು ಬಿಟ್ಟು, ಕೊನೆಗೆ ಹಾಡಿಯಲ್ಲಿ ಉಳಿದಿದ್ದು ಬುಟ್ಟಿಯಕ್ಕ, ಕುಂಟಣ್ಣ, ಮೂಲೆಮನೆಯವಳು ಇಂಥವೇ. ಹುಟ್ಟಿದಾಗ ಇಟ್ಟ ಹೆಸರು ಇದ್ದವರೂ ಅದನ್ನು ಬಚ್ಚಿಟ್ಟುಕೊಂಡೇ ಬದುಕುತ್ತಿದ್ದರು.

ಬುಟ್ಟಿಯಕ್ಕನಿಗೆ ಇದರಲ್ಲಿ ವಿಶೇಷವೇನೂ ಕಂಡಿರಲಿಲ್ಲ. ಬೆಳಗಿನ ಹೊತ್ತು ಅಪ್ಪ ಬಿದಿರು ಸೀಳಿ ಕೊಡುತ್ತಿದ್ದ; ಅವಳು ಜಗಲಿಯಲ್ಲಿ ಕಾಲು ಚಾಚಿ, ಹೆಬ್ಬೆರಳಿಗೆ ಕಟ್ಟಿಕೊಂಡ ಚಿಂದಿಯ ಮೇಲೆ ಸೀಳನ್ನು ಎಳೆದು ನಯ ಮಾಡಿ ಬುಟ್ಟಿ ಹೆಣೆಯುತ್ತಿದ್ದಳು. ತಮ್ಮ ಜೇನು ಇಳಿಸಲು ಹೋಗುತ್ತಿದ್ದ. ತಮ್ಮನ ಹೆಂಡತಿ ಬಸುರಿ. ಕೆಲಸ ಮಾಡಬೇಡವೆಂದರೂ ಕೇಳದೆ ಗೆಣಸಿನ ಪಾತಿಯಲ್ಲಿ ಕೂತಿರುತ್ತಿದ್ದಳು. ಅಪ್ಪ ಹಾಡಿಗೆಲ್ಲ ಹಿರಿಯ, ಯಜಮಾನ. ಅವನ ಸರೀಕರು ಒಬ್ಬರೂ ಉಳಿದಿರಲಿಲ್ಲ.

ಕಷ್ಟ ಶುರುವಾಗಿದ್ದು ಸಾಹೇಬರು ಬಂದ ಮೇಲೆ.

ಹಾಡಿಯಿರುವ ನೆಲ, ಅದರ ಸುತ್ತಲಿನ ಕಾಡು ಯಾರದೆಂದು ತೀರ್ಮಾನ ಮಾಡುವ ಸಾಹೇಬರು ಅವರು. ಕೆಳಗಿನ ಶಾಲೆಯ ಕೋಣೆಯಲ್ಲಿ ಮೇಜು ಹಾಕಿ ಕೂತರು. ಮೂರು ತಲೆಮಾರಿನಿಂದ ಇಲ್ಲೇ ಇದ್ದೇವೆಂದು ಹಾಡಿಯವರು ಅಪ್ಪ, ತಾತನ ಹೆಸರು ಸಹಿತ ಬಾಯಿಬಿಟ್ಟು ಹೇಳಿದರೆ ಸಾಕು, ನೆಲ ಅವರದು. ಇಲ್ಲವೆಂದರೆ ಸುತ್ತ ಸರ್ಕಾರದ ಬೇಲಿ ಬೀಳುತ್ತದೆ, ಹಾಡಿ ಖಾಲಿ ಮಾಡಬೇಕು. ಅರ್ಜಿ ಎಲ್ಲರಿಗೂ ಸೇರಿ ಒಂದೇ, ಯಜಮಾನನ ಹೆಸರಿನಲ್ಲಿ.

ಕಾಡು ಯಾರದು ಎಂದು ಕಾಡಿನವರನ್ನೇ ಕೇಳುವುದು ಎಂಥ ನ್ಯಾಯವೋ! ನಿನ್ನೆ ಮೊನ್ನೆ ಬಂದ ಮೇಜು ಕುರ್ಚಿಗೆ ಯಾರೂ ಸಾಕ್ಷಿ ಕೇಳಲಿಲ್ಲ. ಆದರೂ ಒಂದು ಬಾಗಿಲು ತೆರೆದಿತ್ತು, ಅದರೊಳಗೆ ಕಾಲಿಡುವುದಷ್ಟೇ ಉಳಿದಿತ್ತು.

“ಯಜಮಾನ್ರೇ, ನಿಮ್ಮ ತಂದೆ ಹೆಸರು ಹೇಳಿ” ಎಂದರು ಸಾಹೇಬರು.

“ಇದ್ರು ಸ್ವಾಮಿ. ಇಲ್ಲೇ ಇದ್ರು.”

“ಇದ್ರು ಸರಿ. ಹೆಸರೇನು?”

“ದೊಡ್ಡೋರು.”

“ದೊಡ್ಡೋರು ಅಂತಾನೇ ಹೆಸರಾ?”

ಅಪ್ಪ ಕಿಟಕಿಯಾಚೆ ಬೆರಳು ತೋರಿಸಿದ. “ಅಲ್ಲಿ ನೋಡಿ, ಆ ಜೇನಿನ ಮರ. ಅದಕ್ಕೆ ಮೊದಲು ಗೂಟ ಹೊಡೆದು ಹತ್ತಿದೋರು ಅವರೇ. ಗೂಟದ ಗುರುತು ಈಗ್ಲೂ ಇದೆ.”

“ಮರಾನ ಕರೆಸಿ ಕೇಳೋಕಾಗುತ್ತೇನ್ರೀ? ತಂದೆ ಹೆಸರು, ತಾತನ ಹೆಸರು. ಎರಡೇ ಮಾತು.”

ಅಪ್ಪ ತುಟಿ ಬಿಗಿದು ನೆಲ ನೋಡಿದ. ಹಿಂದೆ ನಿಂತ ಹಾಡಿಯವರೂ ನೆಲ ನೋಡಿದರು. ಗುಮಾಸ್ತನಿಗೆ ನಗು ತಡೆಯಲಾಗಲಿಲ್ಲ. “ಅಪ್ಪನ ಹೆಸರು ಗೊತ್ತಿಲ್ದೋರು ಮೂರು ತಲೆಮಾರಿನ ಮಾತಾಡ್ತಾರೆ ಸಾರ್” ಎಂದ. ಬುಟ್ಟಿಯಕ್ಕನಿಗೆ ಅವನ ಮೇಲೆ ಮೈಯೆಲ್ಲ ಉರಿದುಹೋಯಿತು. ಅದಕ್ಕಿಂತ ಹೆಚ್ಚು ಅಪ್ಪನ ಮೇಲೆ ಉರಿಯಿತು. ಸಾಹೇಬರು ಬೇಸರದಿಂದ, ಮಳೆಗಾಲ ಮುಗಿದ ಮೇಲೆ ಇನ್ನೊಂದು ಸಲ ಬರುತ್ತೇನೆ, ಅದೇ ಕೊನೆ ಎಂದು ಹೇಳಿ ಜೀಪು ಹತ್ತಿದರು.

ಆ ವಾರವೇ ಅವಳು ಬುಟ್ಟಿ ಮಾರಲು ದೊಡ್ಡ ರಸ್ತೆಗೆ ಇಳಿದಳು. ಇಂಥದೇ ವಿಚಾರಣೆಯಲ್ಲಿ ನೆಲ ಕಳೆದುಕೊಂಡ ಕೆಳಹಾಡಿಯವರನ್ನು ಎಬ್ಬಿಸಿ ಅಲ್ಲಿ ತಗಡಿನ ಶೆಡ್ಡುಗಳಿಗೆ ಹಾಕಿದ್ದರು. ಅಮ್ಮನ ತಂಗಿ, ಅವಳ ಚಿಕ್ಕಮ್ಮ, ಅಲ್ಲಿದ್ದಳು. ತಗಡಿನ ಕಾವಿಗೆ ಒಳಗೆ ಕೂರಲಾಗದೆ ಇಬ್ಬರೂ ಹೊರಗಿನ ಗೋಡೆಯ ನೆರಳಿಗೆ ಬಂದರು. ಪಕ್ಕದಲ್ಲಿ ಚರಂಡಿ, ಅದಕ್ಕೆ ತಾಗಿಕೊಂಡೇ ಕುಡಿಯುವ ನೀರಿನ ನಲ್ಲಿ.

“ನೀವೂ ಹೆಸರು ಹೇಳ್ಲಿಲ್ವಾ ಚಿಕ್ಕಮ್ಮ?”

“ಯಾರು ಹೇಳ್ತಾರೆ? ಹೇಳಿದ್ರೆ ಮಕ್ಕಳು ಉಳಿಯಲ್ಲ ಅಂದ್ರು. ಬಾಯಿ ಮುಚ್ಕೊಂಡು ಬಂದ್ವಿ.” ಚಿಕ್ಕಮ್ಮ ನಲ್ಲಿಯ ಕಡೆ ನೋಡಿದಳು. “ಇಲ್ಲಿ ಬಂದ ಮೇಲೆ ವಾಂತಿಭೇದಿ ಹತ್ತಿ ಮಕ್ಕಳು ಹೋದ್ವು ಕಣೇ. ನನ್ನ ಮೊಮ್ಮಗೂನೂ ಹೋಯ್ತು. ಒಂದು ಹೆಸರೂ ಎತ್ತಿರಲಿಲ್ಲ ನಾವು. ಒಂದೇ ಒಂದು.”

ಬುಟ್ಟಿಗಳನ್ನು ಹಾಗೆಯೇ ಹೊತ್ತುಕೊಂಡು ಬುಟ್ಟಿಯಕ್ಕ ಹಾಡಿಗೆ ಹತ್ತಿದಳು. ಅಪ್ಪ ಜಗಲಿಯಲ್ಲಿ ಕತ್ತಿ ಮಸೆಯುತ್ತಿದ್ದ. ಅವಳು ಕಾಲೂ ತೊಳೆಯದೆ ಎದುರಿಗೆ ಕೂತಳು.

“ಅಪ್ಪಾ, ನಿಮ್ಮಪ್ಪನ ಹೆಸರು ಹೇಳಿಬಿಡು.”

“ನಿನಗೆ ಬುದ್ಧಿ ನೆಟ್ಟಗಿದೆಯಾ?” ಅಪ್ಪ ತಲೆಯೆತ್ತಲಿಲ್ಲ. “ಹೆಸರಿರೋದು ಯಾತಕ್ಕೆ? ಕರೆಯೋಕೆ. ಕರೆದ್ರೆ ಬರ್ತಾರೆ. ಬಂದೋರು ಬರಿಗೈಲಿ ಹೋಗಲ್ಲ, ಮನೇಲಿ ಎಲ್ಲಕ್ಕಿಂತ ಚಿಕ್ಕದನ್ನ ಎತ್ಕೊಂಡು ಹೋಗ್ತಾರೆ. ಒಳಗೆ ಒಬ್ಬಳು ಹೊಟ್ಟೆ ಹೊತ್ಕೊಂಡು ಕೂತಿದ್ದಾಳೆ, ಗೊತ್ತಲ್ಲ?”

“ಅಮ್ಮ ಬಂದು ಅವಳ ಮಗೂನ ಎತ್ಕೊಂಡು ಹೋಗ್ತಾಳಾ ಅಪ್ಪಾ? ನಮ್ಮಮ್ಮ? ಪಕ್ಕದ್ಮನೆ ಮಗು ಅತ್ರೆ ಎದ್ದು ಹೋಗಿ ಆಡಿಸ್ತಿದ್ಳು. ಸತ್ತ ತಕ್ಷಣ ರಾಕ್ಷಸಿ ಆದಳಾ?”

ಅಪ್ಪನ ಕೈ ನಿಂತಿತು. ಆಮೇಲೆ ಮತ್ತೆ ಮಸೆಯತೊಡಗಿದ.

“ಮೂಲೆಮನೆಯವಳ ಅತ್ತಿಗೆ ಹೆಸರೆತ್ತಿದಳು, ಮಗು ಹೋಯ್ತು. ನಾನೇ ಕಣ್ಣಾರೆ ಕಂಡಿದ್ದು.”

“ಆ ವರ್ಷ ತೊರೆ ನೀರು ಕೆಟ್ಟು ಎಲ್ಲರ ಮನೇಲೂ ಮಕ್ಕಳು ಹೋದ್ವು. ಹೆಸರೆತ್ತಿದ್ದು ಅವಳೊಬ್ಬಳೇ. ಉಳಿದೋರು ಏನು ತಪ್ಪು ಮಾಡಿದ್ರು? ಶೆಡ್ಡಿನೋರು ಏನು ಮಾಡಿದ್ರು? ಮಕ್ಕಳು ಸಾಯೋದು ನೀರಿಂದ ಅಪ್ಪಾ, ಹೆಸರಿಂದ ಅಲ್ಲ. ಒಳ್ಳೆ ನೀರು ಇರೋದು ಈ ಹಾಡೀಲಿ. ಅದನ್ನೇ ಬಿಟ್ಟುಕೊಡ್ತಿದ್ದೀಯಲ್ಲ!”

“ನನ್ನ ಉಸಿರಿರೋವರೆಗೂ ಆಗಲ್ಲ” ಎಂದು ಅಪ್ಪ ಎದ್ದುಹೋದ.

ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಅವನು ಕೆಟ್ಟವನಾಗಿದ್ದರೆ ಜಗಳವಾಡಬಹುದಿತ್ತು. ಹುಟ್ಟಲಿರುವ ಮಗುವಿಗೆ ಮರದ ಗಿಲಕಿ ಕೆತ್ತಿಟ್ಟು, ಸೊಸೆಗೆ ಕಾಣದಂತೆ ಮುಚ್ಚಿಟ್ಟುಕೊಂಡಿದ್ದ ಮುದುಕ ಅವನು. ಆ ಮಗುವಿನ ಮೇಲಿನ ಪ್ರೀತಿಯಿಂದಲೇ ಅದರ ಕಾಲ ಕೆಳಗಿನ ನೆಲವನ್ನು ಕಳೆಯುತ್ತಿದ್ದ.

ಮಳೆಗಾಲದ ಕೊನೆಗೆ ಅಪ್ಪನ ಎದೆಗೆ ಕಫ ಕಟ್ಟಿತು. ಆಸ್ಪತ್ರೆಗೆ ಹೊತ್ತೊಯ್ಯುವ ಮೊದಲೇ ಹೋಗಿಬಿಟ್ಟ.

ಹೂಳಿ ಬಂದ ಸಂಜೆ ಚಿಕ್ಕಪ್ಪ ಅಂಗಳದಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು: “ಇವತ್ತಿಂದ ಅಣ್ಣನ ಹೆಸರು ಮುಗೀತು.” ಅಪ್ಪನ ತಮ್ಮನಾದ ಅವರೇ ಇನ್ನು ಹಾಡಿಯ ಯಜಮಾನ. ಬುಟ್ಟಿಯಕ್ಕ ಅಳುತ್ತಿದ್ದವಳು ತಲೆಯೆತ್ತಿ ನೋಡಿದಳು. ಅರ್ಜಿ ಇರುವುದು ಅಪ್ಪನ ಹೆಸರಿನಲ್ಲಿ ಎಂಬುದು ಆಗ ಅವಳಿಗೆ ನೆನಪಾಯಿತು.

ಸಾಹೇಬರು ಬರುವ ದಿನ ಗೊತ್ತಾದಾಗ ಚಿಕ್ಕಪ್ಪ ಖಡಾಖಂಡಿತ ಹೇಳಿದರು: “ಅಲ್ಲಿ ಆ ಹೆಸರು ಕೂಗ್ತಾರೆ. ನಮ್ಮೋರು ಒಬ್ಬರೂ ಅಲ್ಲಿರಬಾರದು. ಬಾಗಿಲು ಹಾಕ್ಕೊಂಡು ಮನೇಲಿರಿ.”

“ಹೋಗದಿದ್ರೆ ಹಾಡಿ ಹೋಗುತ್ತೆ ಚಿಕ್ಕಪ್ಪ.”

“ಹೋಗಲಿ. ಮಕ್ಕಳಿದ್ರೆ ಎಲ್ಲಾದ್ರೂ ಬದುಕ್ತೀವಿ.”

“ಶೆಡ್ಡಲ್ಲಿ ಮಕ್ಕಳು ಬದುಕಿಲ್ವಲ್ಲ!”

“ಹೆಣ್ಣು ಹೆಂಗಸು, ಬುಟ್ಟಿ ಹೆಣೆಯೋದು ಬಿಟ್ಟು ನ್ಯಾಯ ಹೇಳೋಕೆ ಬರಬೇಡ” ಎಂದು ಚಿಕ್ಕಪ್ಪ ಮಾತು ಮುಗಿಸಿದರು. ತಮ್ಮ ಯಾವ ಕಡೆಗೂ ಸೇರದೆ, ಜೇನಿನ ನೆಪ ಹೇಳಿ ಕಾಡು ಹೊಕ್ಕ.

ಆ ಬೆಳಿಗ್ಗೆ ಬುಟ್ಟಿಯಕ್ಕ ಒಬ್ಬಳೇ ಹೊರಟಳು. ಬೇಲಿಯ ಬಳಿ ತಮ್ಮನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು.

“ನೀನೆಲ್ಲಿಗೆ? ಒಳಗೆ ಹೋಗು, ಸುಮ್ನೆ ಭಯ ಇಟ್ಕೋಬೇಡ.”

“ಭಯ ಇದೆ ಅಕ್ಕಾ, ಇಲ್ಲ ಅಂತ ಹೇಳಲ್ಲ. ಆದ್ರೆ ಇದು ಎಲ್ಲಿ ಬೆಳೀಬೇಕು ಅನ್ನೋದು ಅಲ್ಲಿ ತಾನೇ ತೀರ್ಮಾನ ಆಗೋದು? ನಾನಿಲ್ದೆ ಹೇಗೆ?”

ಇಬ್ಬರೂ ನಿಧಾನವಾಗಿ ಇಳಿದರು. ಶಾಲೆಯ ಜಗಲಿಯಲ್ಲಿ ಗುಮಾಸ್ತ ನಿಂತು ಅಪ್ಪನ ಹೆಸರು ಕೂಗಿದ. ಸಂತೆಯಲ್ಲಿ ತರಕಾರಿ ಕೂಗಿದಷ್ಟೇ ಸಲೀಸಾಗಿ ಕೂಗಿದ. ಬುಟ್ಟಿಯಕ್ಕನ ಕೈ ತಾನಾಗಿಯೇ ಕಿವಿಗೆ ಹೋಯಿತು. ಕೆಳಗಿಳಿಸಿಕೊಂಡಳು. ಹೆಸರು ಕೇಳಿದಾಗ ಅಪ್ಪನ ಕೆಮ್ಮು, ಅವನು ಬಿದಿರು ಸೀಳುವ ಸದ್ದು ಎಲ್ಲ ನೆನಪಾಯಿತೇ ಹೊರತು ಬೇರೇನೂ ಆಗಲಿಲ್ಲ. ಇಷ್ಟು ದಿನ ಈ ನೆನಪನ್ನೇ ಮುಚ್ಚಿಟ್ಟು ಬದುಕಿದೆವಲ್ಲ ಎನ್ನಿಸಿತು.

“ಒದೀತಿದೆ ಅಕ್ಕಾ” ಎಂದಳು ತಮ್ಮನ ಹೆಂಡತಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು. “ಚೆನ್ನಾಗೇ ಒದೀತಿದೆ.”

ಬುಟ್ಟಿಯಕ್ಕ ಒಳಗೆ ಹೋಗಿ ಮೇಜಿನ ಮುಂದೆ ನಿಂತಳು.

“ಯಜಮಾನ್ರು ತೀರ್ಕೊಂಡ್ರು. ನಾನು ಮಗಳು.”

“ಅಯ್ಯೋ, ಹೌದಾ?” ಸಾಹೇಬರು ಕನ್ನಡಕ ತೆಗೆದರು. “ಸರಿ ತಾಯಿ. ಇವತ್ತಾದ್ರೂ ಹೇಳ್ತೀರಾ? ನಿಮ್ಮ ತಂದೆ ಹೆಸರು?”

ಅವಳು ಹೇಳಿದಳು. ದನಿ ಮೇಜಿನಾಚೆಗೆ ದಾಟಲಿಲ್ಲ. ಸಾಹೇಬರು ಕೇಳಿಸಲಿಲ್ಲವೆಂದರು. ಇನ್ನೊಂದು ಸಲ ಹೇಳಿದಳು, ಜಗಲಿಯ ತನಕ ಕೇಳುವಂತೆ. ಅವರು ಕೇಳದಿದ್ದರೂ ಅಮ್ಮನ ಹೆಸರನ್ನೂ ಹೇಳಿದಳು. ಹೇಳಿ ನಕ್ಕಳು, ಕಣ್ಣಲ್ಲಿ ನೀರು ಬಂತು.

“ಭೇಷ್” ಎಂದರು ಸಾಹೇಬರು, ನಿಜವಾಗಿಯೂ ಸಂತೋಷಪಟ್ಟು. “ಈಗ ತಾತನ ಹೆಸರು. ತಂದೆಯ ತಂದೆ. ಅದೊಂದು ಆದ್ರೆ ಮೂರು ತಲೆಮಾರು ಆಯ್ತು, ಕೆಲಸ ಮುಗೀತು.”

ಬುಟ್ಟಿಯಕ್ಕ ಬಾಯಿ ತೆರೆದಳು.

ಅವಳಿಗೆ ಗೊತ್ತಿರಲಿಲ್ಲ. ತಾತ ಅವಳು ಹುಟ್ಟುವ ಮೊದಲೇ ಹೋದವರು. ಅವರು ಗೂಟ ಹೊಡೆದ ಮರ ಗೊತ್ತು, ಅವರು ಕಲ್ಲು ಕಟ್ಟಿದ ತೊರೆ ಗೊತ್ತು. ಹೆಸರನ್ನು ಅವಳ ಎದುರು ಯಾರೂ ಒಂದು ಸಲವೂ ಆಡಿರಲಿಲ್ಲ. ಹೇಳಬೇಕೋ ಬೇಡವೋ ಎಂದು ಇಡೀ ಮಳೆಗಾಲ ಹೊಡೆದಾಡಿದ್ದಳು. ಹೇಳುವುದಕ್ಕೆ ತನ್ನ ಬಳಿ ಏನಿದೆ ಎಂದು ನೋಡಿಕೊಂಡೇ ಇರಲಿಲ್ಲ.

“ಅದು... ನಮ್ಮ ಚಿಕ್ಕಪ್ಪನಿಗೆ ಗೊತ್ತಿರುತ್ತೆ ಸ್ವಾಮಿ. ಅವರಪ್ಪನೇ ತಾನೇ. ಕೇಳ್ಕೊಂಡು ಬರ್ತೀನಿ.”

ಸಾಹೇಬರು ಗಡಿಯಾರ ನೋಡಿ ನಿಟ್ಟುಸಿರು ಬಿಟ್ಟರು. “ನಾನು ಊಟ ಮಾಡಿ ಹೊರಡ್ತೀನಿ. ಅಷ್ಟರೊಳಗೆ ಬನ್ನಿ.”

ತಮ್ಮನ ಹೆಂಡತಿಯನ್ನು ಜಗಲಿಯಲ್ಲೇ ಕೂರಿಸಿ ಅವಳು ಓಡಿದಳು. ಏರು ದಾರಿ, ಏದುಸಿರು. ಹಾಡಿಯಲ್ಲಿ ಎಲ್ಲ ಬಾಗಿಲೂ ಮುಚ್ಚಿದ್ದವು. ಚಿಕ್ಕಪ್ಪನ ಬಾಗಿಲನ್ನು ಎರಡೂ ಕೈಯಲ್ಲಿ ಗುದ್ದಿದಳು. ಅವರು ಹೊರಗೆ ಬಂದರು. ಸದ್ದಿಗೆ ಒಂದೊಂದೇ ಮನೆಯವರೂ ಬಂದು ನಿಂತರು.

“ಚಿಕ್ಕಪ್ಪಾ, ನಿಮ್ಮಪ್ಪನ ಹೆಸರು ಹೇಳಿ. ಅದೊಂದೇ ಸಾಕಂತೆ. ಹಾಡಿ ಉಳಿಯುತ್ತೆ.”

ಚಿಕ್ಕಪ್ಪ ಇಲ್ಲವೆಂದು ತಲೆಯಾಡಿಸಿದರು.

“ಜೋರಾಗಿ ಬೇಡ. ನನ್ನ ಕಿವೀಲಿ ಹೇಳಿ. ಪಾಪ ಬಂದ್ರೆ ನನಗೆ ಬರಲಿ.”

ಅವರು ಮತ್ತೆ ತಲೆಯಾಡಿಸಿದರು. ಅವಳು ಕಾಲು ಹಿಡಿದಳು, ಬೈದಳು, ಶೆಡ್ಡಿನಲ್ಲಿ ಸತ್ತ ಮಗುವಿನ ಮಾತು ಹೇಳಿದಳು. “ನೀವು ಮನುಷ್ಯರೇನಾ? ಒಂದು ಹೆಸರಿಗೋಸ್ಕರ ಇಷ್ಟೊಂದು ಜನರನ್ನ ಬೀದಿಗೆ ತಳ್ತೀರಾ?” ಎಂದು ಅವರ ತೋಳು ಹಿಡಿದು ಅಲುಗಾಡಿಸಿದಳು. ಸುತ್ತ ನಿಂತವರಲ್ಲಿ ಯಾರೋ, “ಹೇಳಿಬಿಡಿ ಯಜಮಾನ್ರೇ” ಎಂದರು. ಇನ್ನೊಬ್ಬರೂ ಅಂದರು. ಕಿವಿ ಮುಚ್ಚಿಕೊಂಡಿದ್ದವರು ಕೈ ಇಳಿಸಿದರು.

ಚಿಕ್ಕಪ್ಪ ಹೊಸಿಲ ಮೇಲೆ ಕುಸಿದು ಕೂತರು. ಮುಖ ಮುದುಡಿಕೊಂಡಿತು.

“ನನಗೆ ಗೊತ್ತಿದ್ರೆ ತಾನೇ ಮಗಳೇ ಹೇಳೋದು” ಎಂದರು. “ಅಪ್ಪ ಹೋದಾಗ ನಾನು ಮೊಲೆ ಕುಡಿಯೋ ಮಗು. ನನಗೆ ಯಾರೂ ಹೇಳ್ಲಿಲ್ಲ. ಕೇಳೋಕೂ ಬಿಡ್ಲಿಲ್ಲ. ಅಣ್ಣನಿಗೊಬ್ಬನಿಗೇ ಗೊತ್ತಿತ್ತು.”

ಕೆಳಗೆ ಜೀಪು ಹೊರಟ ಸದ್ದು ಕೇಳಿಸಿತು. ತಿರುವಿನಲ್ಲಿ ಅದನ್ನು ಅಡ್ಡಗಟ್ಟುವಷ್ಟು ಹೊತ್ತು ಇನ್ನೂ ಇತ್ತು. ಓಡಬಲ್ಲ ಗಂಡಸರೂ ಅಲ್ಲೇ ನಿಂತಿದ್ದರು. ಆದರೆ ಓಡಿಹೋಗಿ ಹೇಳುವುದಕ್ಕೆ ಇಡೀ ಹಾಡಿಯಲ್ಲಿ ಒಬ್ಬರ ಬಾಯಲ್ಲೂ ಆ ಹೆಸರಿರಲಿಲ್ಲ.